2004ರ ಡಿಸೆಂಬರ್ 26ರಂದು ಬೆಂಗಳೂರೂ ಜರುಗಿತ್ತು. ಭೂಕಂಪದಲ್ಲಿ ನೆಲ ಎಷ್ಟು ಸರಿಯುತ್ತೆ ಅಂತ ಅಳೆಯೋದು ಹೇಗೆ?

ಬಾಂದುಕಲ್ಲು:
ನಾನು ಹದಿನಾಲ್ಕು ವರ್ಷದಿಂದ ಸರ್ವೆ ಕೆಲಸದಲ್ಲಿದ್ದೇನೆ. ಲೇಔಟ್, ರಸ್ತೆ, ಕಾಲುವೆ ಎಲ್ಲಾ ಮಾಡಿದ್ದೇನೆ. ಕಳೆದ ವಾರ ಹಿರಿಯೂರಿನ ಹತ್ತಿರ ಕಾಲುವೆ ಕೆಲಸಕ್ಕೆ ಹೋಗಿದ್ದೆವು. ಗುರುತಿನ ಕಲ್ಲಿನ ಮೇಲೆ ಟ್ರೈಪಾಡ್ ನಿಲ್ಲಿಸಿ, ಜಿಪಿಎಸ್ ರಿಸೀವರ್ ಹಾಕಿ, ಫಿಕ್ಸ್ (ನಿಖರವಾದ ಜಾಗದ ಲೆಕ್ಕ) ಬರಲಿ ಅಂತ ಬೇವಿನ ಮರದ ಕೆಳಗೆ ಕಾಯುತ್ತಾ ಕೂತಿದ್ದಾಗ ಜೊತೆಗಿದ್ದ ಹುಡುಗ ಕೇಳಿದ. "ಅಣ್ಣ, ಈ ಕಲ್ಲು ಅಲ್ಲಾಡಲ್ಲ ಅಂತ ನಂಬಿಕೊಂಡು ನಾವು ಎಲ್ಲಾ ಅಳೀತೀವಿ. ಕಲ್ಲೇ ಅಲ್ಲಾಡಿದರೆ?"

ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ? ಅವತ್ತಿನಿಂದ ಇದೇ ತಲೆಯಲ್ಲಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಒಂದು ಜಿಪಿಎಸ್ ಕೇಂದ್ರ ಇದೆ. 1990ರ ದಶಕದಿಂದ ಹಗಲು ರಾತ್ರಿ ಓಡುತ್ತಿದೆ. ಪ್ರಪಂಚದ ತುಂಬಾ ಹರಡಿರುವ ಇಂಥ ಕೇಂದ್ರಗಳ ಜಾಲದಲ್ಲಿ ಅದೂ ಒಂದು. 2004ರ ಡಿಸೆಂಬರ್ 26, ಭಾನುವಾರ ಬೆಳಗ್ಗೆ 6.28ಕ್ಕೆ ಸುಮಾತ್ರಾ ತೀರದಲ್ಲಿ ಶುರುವಾದ ಭೂಕಂಪ ಅಂಡಮಾನ್ ತನಕ 1,200 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಸೀಳಿಕೊಂಡು ಹೋಯಿತು. ಅವತ್ತು ಈ ಕೇಂದ್ರವೂ ಪೂರ್ವಕ್ಕೆ ಒಂದೆರಡು ಸೆಂಟಿಮೀಟರ್ ಸರಿಯಿತು. ಸರಿದದ್ದು ಸರಿದೇ ಹೋಯಿತು, ವಾಪಸ್ ಬರಲಿಲ್ಲ. ಕೇಂದ್ರ ಒಂದೇ ಅಲ್ಲ, ಅದರ ಕೆಳಗಿನ ಬಂಡೆ, ಮಲ್ಲೇಶ್ವರ, ಯಶವಂತಪುರ, ಇಡೀ ದಕ್ಷಿಣ ಭಾರತವೇ ಸ್ವಲ್ಪ ಸ್ವಲ್ಪ ಸರಿದಿತ್ತು. ಯಾರಿಗೂ ಗೊತ್ತಾಗಲಿಲ್ಲ, ಮಶೀನಿಗೆ ಗೊತ್ತಾಯಿತು.

ಈ ಬಗ್ಗೆ ತಿಳಿದವರು ಇಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ನನಗೆ ಮಶೀನು ಗೊತ್ತು, ಭೂಮಿಯ ಒಳಗಿನ ಲೆಕ್ಕ ಅಷ್ಟು ಗೊತ್ತಿಲ್ಲ.

ಬಯಲುಸೀಮೆ_ಹುಡುಗ:
ಸರ್, ಬೇಜಾರು ಮಾಡಿಕೊಳ್ಳಬೇಡಿ, ನನಗೆ ಇದು ನಂಬೋಕೆ ಕಷ್ಟ. ನನ್ನ ಫೋನಿನ ಜಿಪಿಎಸ್ ನಮ್ಮ ಮನೆ ಬಿಟ್ಟು ಪಕ್ಕದ ಮನೆ ತೋರಿಸುತ್ತೆ. ಡೆಲಿವರಿ ಹುಡುಗರು ದಿನಾ ಫೋನ್ ಮಾಡುತ್ತಾರೆ. ಅಂಥದ್ದರಲ್ಲಿ ಒಂದೂವರೆ ಸಾವಿರ ಕಿ.ಮೀ.ಗೂ ಹೆಚ್ಚು ದೂರದಲ್ಲಿ ಭೂಕಂಪ ಆದರೆ ಇಲ್ಲಿ ಒಂದು ಸೆಂಟಿಮೀಟರ್ ಸರಿಯಿತು ಅಂತ ಹೇಗೆ ಹೇಳ್ತಾರೆ?

ಬಾಂದುಕಲ್ಲು:
ಬೇಜಾರು ಯಾಕೆ, ಸರಿಯಾದ ಅನುಮಾನವೇ. ಇದು ನನ್ನ ದಿನದ ಕೆಲಸ, ಹಾಗಾಗಿ ಹೇಳಬಲ್ಲೆ.

ನಿಮ್ಮ ಫೋನು ಉಪಗ್ರಹದಿಂದ ಬರುವ ಸಂಕೇತದೊಳಗಿನ ಕೋಡನ್ನು ಓದುತ್ತದೆ. ಅದರಲ್ಲಿ ಕೆಲವು ಮೀಟರ್ ಆಚೀಚೆ ಆಗುವುದು ಸಹಜ. ದೊಡ್ಡ ರಿಸೀವರ್ ಆ ಕೋಡನ್ನು ಹೊತ್ತು ತರುವ ಅಲೆಯನ್ನೇ ಎಣಿಸುತ್ತದೆ. ಆ ಅಲೆಯ ಉದ್ದ ಸುಮಾರು 19 ಸೆಂ.ಮೀ. ಒಂದು ಅಲೆಯ ನೂರರಲ್ಲಿ ಒಂದು ಭಾಗವನ್ನು ಗುರುತಿಸಬಲ್ಲದು ಅಂದರೆ ಎರಡು ಮಿಲಿಮೀಟರ್ ಆಯಿತು ನೋಡಿ. ಕಷ್ಟ ಇರುವುದು ಬೇರೆ ಕಡೆ. ವಾತಾವರಣದ ಮೇಲಿನ ಪದರ ಸಂಕೇತವನ್ನು ತಡ ಮಾಡುತ್ತದೆ, ಅದಕ್ಕೆ ಎರಡು ಬೇರೆ ಬೇರೆ ತರಂಗದಲ್ಲಿ ಕೇಳಿಸಿಕೊಂಡು ಆ ತಪ್ಪನ್ನು ಕಳೆಯುತ್ತಾರೆ. ಗಾಳಿಯಲ್ಲಿರುವ ತೇವವೂ ತಡ ಮಾಡುತ್ತದೆ, ಅದನ್ನು ಲೆಕ್ಕ ಹಾಕಿ ಅಂದಾಜಿಸಬೇಕು. ಪಕ್ಕದ ಗೋಡೆಗೆ ಬಡಿದು ಬರುವ ಸಂಕೇತ ಬೇರೆ ಕಾಟ ಕೊಡುತ್ತದೆ. ಅದಕ್ಕೇ ಆಂಟೆನಾ ಸುತ್ತ ಉಂಗುರ ಉಂಗುರವಾದ ತಟ್ಟೆ ಇಟ್ಟಿರುತ್ತಾರೆ. ಕಂಬವನ್ನು ಮಣ್ಣಲ್ಲಿ ನೆಡುವುದಿಲ್ಲ, ಗಟ್ಟಿ ಬಂಡೆಗೆ ಕೂರಿಸುತ್ತಾರೆ. ಇಷ್ಟೆಲ್ಲಾ ಮಾಡಿ 24 ಗಂಟೆಯ ಲೆಕ್ಕವನ್ನು ಒಟ್ಟಿಗೆ ಹಾಕಿದರೆ ಅಡ್ಡಡ್ಡ ಚಲನೆ ಕೆಲವೇ ಮಿಲಿಮೀಟರ್ ಒಳಗೆ ಸಿಗುತ್ತದೆ.

ಎತ್ತರದ ಅಳತೆ ಮಾತ್ರ ಎರಡು ಮೂರು ಪಟ್ಟು ಒರಟು. ಕಾರಣ ಸರಳ. ಉಪಗ್ರಹಗಳೆಲ್ಲಾ ತಲೆಯ ಮೇಲೇ ಇರುತ್ತವೆ, ಕಾಲ ಕೆಳಗೆ ಒಂದೂ ಇಲ್ಲ.

ಇನ್ನೊಂದು ಮಾತು. ಬೆಂಗಳೂರು ಭೂಕಂಪ ಇಲ್ಲದಿದ್ದರೂ ಚಲಿಸುತ್ತಲೇ ಇರುತ್ತದೆ. ಭಾರತದ ಪ್ಲೇಟ್ (ದೇಶವನ್ನು ಹೊತ್ತಿರುವ ಬಂಡೆಯ ದೊಡ್ಡ ಹಲಗೆ) ಜೊತೆಗೆ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಈಶಾನ್ಯಕ್ಕೆ ಹೋಗುತ್ತಿದೆ. ಆ ಓಟ ಎಷ್ಟು ನೇರ ಅಂದರೆ ಗೆರೆ ಎಳೆದಂತಿರುತ್ತದೆ. ಆ ಗೆರೆಯಲ್ಲಿ ಒಂದು ದಿನ ಮೆಟ್ಟಿಲು ಬಿದ್ದರೆ ಎದ್ದು ಕಾಣುತ್ತದೆ. ಹತ್ತು ವರ್ಷ ಮುಂಚಿನಿಂದ ಗೆರೆ ಇತ್ತು, ಅದಕ್ಕೇ ಮೆಟ್ಟಿಲು ಕಂಡಿತು. ಅವತ್ತು ಮಧ್ಯಾಹ್ನ ಓಡಿಹೋಗಿ ಹೊಸ ಆಂಟೆನಾ ನಿಲ್ಲಿಸಿದ್ದರೆ ಏನೂ ಸಿಗುತ್ತಿರಲಿಲ್ಲ.

ಕುಮಟಾ_ಕಡಲು:
ನಾನು 2003ರಿಂದ 2007ರವರೆಗೆ ಪೋರ್ಟ್ ಬ್ಲೇರ್‌ನಲ್ಲಿ ಕೆಲಸದಲ್ಲಿದ್ದೆ. ಈಗ ಊರಿನ ಹೆಸರು ಶ್ರೀ ವಿಜಯಪುರಂ ಆಗಿದೆ. ನನ್ನ ಬಾಯಲ್ಲಿ ಹಳೆಯದೇ ಬರುತ್ತದೆ, ಕ್ಷಮಿಸಿ. ಸೆಂಟಿಮೀಟರ್ ಲೆಕ್ಕ ನನಗೆ ಗೊತ್ತಿಲ್ಲ. ಅಲ್ಲಿ ಮೀಟರ್ ಲೆಕ್ಕದಲ್ಲೇ ಆಯಿತು.

ನಾನು ದಿನಾ ಸಂಜೆ ಹೋಗುತ್ತಿದ್ದ ಒಂದು ಸಣ್ಣ ಜೆಟ್ಟಿ ಇತ್ತು. ಕಲ್ಲಿನ ಮೆಟ್ಟಿಲು, ನೀರಿನೊಳಗೆ ಇಳಿದು ಹೋಗುತ್ತವೆ. ಕುಮಟೆಯವನಲ್ವಾ, ಭರತ (ಉಬ್ಬರದ ನೀರು) ಎಲ್ಲಿ ತನಕ ಬಂತು ಅಂತ ನೋಡುವುದು ಚಿಕ್ಕಂದಿನ ಅಭ್ಯಾಸ. ಭರತದ ನೀರು ನಿಲ್ಲುವ ಜಾಗದಲ್ಲಿ ಕಪ್ಪು ಪಾಚಿಯ ಗೆರೆ, ಅದರ ಕೆಳಗೆ ಚಿಪ್ಪುಗಳು ಅಂಟಿರುತ್ತಿದ್ದವು. ಭೂಕಂಪ ಆಗಿ ಹತ್ತು ಹನ್ನೆರಡು ದಿನದ ಮೇಲೆ ಅಲ್ಲಿಗೆ ಹೋದೆ. ಆ ಗೆರೆ ಕಾಣಲಿಲ್ಲ. ಇಳಿತದ ಹೊತ್ತಿಗೆ ಮತ್ತೆ ಹೋದೆ. ಗೆರೆ ಇತ್ತು, ಆದರೆ ಈಗ ಭರತದ ನೀರು ನಿಲ್ಲುವ ಜಾಗಕ್ಕಿಂತ ಐದಾರು ಮೆಟ್ಟಿಲು ಕೆಳಗೆ. ಸ್ವಲ್ಪ ಹೊತ್ತು ಹಾಗೇ ನಿಂತುಬಿಟ್ಟೆ. ಸಮುದ್ರ ಮೇಲೆ ಬಂದಿರಲಿಲ್ಲ, ನಾವು ಕೆಳಗೆ ಹೋಗಿದ್ದೆವು.

ಸಿಪ್ಪಿಘಾಟ್ ಕಡೆ ಗದ್ದೆಗಳಿದ್ದವು. ಸುನಾಮಿ ನೀರು ಇಳಿದು ಹೋಗಲಿ ಅಂತ ರೈತರು ಕಾದರು. ನೀರು ಇಳಿಯುತ್ತಿತ್ತು, ಆರು ಗಂಟೆ ಬಿಟ್ಟು ಮತ್ತೆ ಬರುತ್ತಿತ್ತು. ದಿನಕ್ಕೆ ಎರಡು ಸಲ. ಹುಣ್ಣಿಮೆ ಅಮಾವಾಸ್ಯೆಗೆ ಇನ್ನೂ ಜಾಸ್ತಿ. ನಮ್ಮ ಅಘನಾಶಿನಿಯ ಗಜನಿ ಗದ್ದೆಗೂ ಉಪ್ಪುನೀರು ಬರುತ್ತದೆ, ಆದರೆ ನಮಗೆ ಅದಕ್ಕೆಂದೇ ಕಗ್ಗ ಭತ್ತ ಇದೆ, ಕಟ್ಟೆ ಇದೆ, ತಲೆತಲಾಂತರದ ಅಭ್ಯಾಸ ಇದೆ. ಅವರಿಗೆ ಅದು ಒಂದೇ ಬೆಳಗ್ಗೆಯಲ್ಲಿ ಬಂತು. ತೆಂಗಿನ ಮರಗಳು ನಿಂತಲ್ಲೇ ಒಣಗಿದವು. ಅವನ್ನು ನೋಡಿದಾಗ ಆದ ಸಂಕಟ ಈಗಲೂ ಹೋಗಿಲ್ಲ.

ವಿಚಿತ್ರ ಅಂದರೆ ಉತ್ತರದ ದಿಗ್ಲಿಪುರದಲ್ಲಿದ್ದ ಸಹೋದ್ಯೋಗಿ ಫೋನ್ ಮಾಡಿ ಉಲ್ಟಾ ಹೇಳುತ್ತಿದ್ದರು. ಅಲ್ಲಿ ಸಮುದ್ರ ಹಿಂದೆ ಹೋಗಿದೆ, ಹವಳದ ದಿಬ್ಬಗಳು ಮೇಲೆ ಬಂದು ಬಿಸಿಲಿಗೆ ಬೆಳ್ಳಗಾಗಿ ನಾರುತ್ತಿವೆ ಅಂತ. ಒಂದೇ ಭೂಕಂಪ, ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಯಾಕೆ ಅಂತ ಯಾರಾದರೂ ಹೇಳುತ್ತೀರಾ?

ಕಲ್ಲುಮಣ್ಣು:
ಕುಮಟಾ ಸರ್, ಓದಿ ಮೈ ಜುಮ್ ಎಂದಿತು. ನಾನು ಭೂವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನೀವು ಮೆಟ್ಟಿಲಿನ ಮೇಲೆ ನೋಡಿದ್ದನ್ನು ನಾವು ಪೇಪರುಗಳಲ್ಲಿ ಓದಿದವರು. ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ಕುಸಿದಿತ್ತು, ನಿಮ್ಮ ಐದಾರು ಮೆಟ್ಟಿಲು ಅದಕ್ಕೆ ಸರಿಯಾಗಿ ಕೂರುತ್ತದೆ. ಗ್ರೇಟ್ ನಿಕೋಬಾರ್‌ನ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರ್‌ಗೂ ಹೆಚ್ಚು ಇಳಿಯಿತು, ಅಲ್ಲಿನ ಲೈಟ್‌ಹೌಸಿನ ಬುಡ ಸಮುದ್ರಕ್ಕೆ ಸೇರಿತು. ಅಡ್ಡಕ್ಕೂ ಸರಿದಿದೆ. ಪೋರ್ಟ್ ಬ್ಲೇರ್ ಸುಮಾರು ಮೂರು ಮೀಟರ್, ಕಾರ್ ನಿಕೋಬಾರ್ ಅದಕ್ಕಿಂತ ಜಾಸ್ತಿ, ಎರಡೂ ಪಶ್ಚಿಮ-ನೈಋತ್ಯದ ಕಡೆಗೆ.

ಮೇಲೆ ಕೆಳಗೆ ಯಾಕೆ ಅಂದರೆ, ಭಾರತದ ಪ್ಲೇಟ್ ಪಶ್ಚಿಮದಿಂದ ಬಂದು ಅಂಡಮಾನ್ ಕೆಳಗೆ ನುಗ್ಗುತ್ತದೆ. ಎರಡರ ನಡುವಿನ ಬಿರುಕು ಸುಮ್ನೆ ಜಾರುವುದಿಲ್ಲ, ಕಚ್ಚಿಕೊಂಡಿರುತ್ತದೆ. ಕೆಳಗಿನದು ಹೋಗುವಾಗ ಮೇಲಿನ ಪ್ಲೇಟಿನ ಅಂಚನ್ನೂ ಎಳೆದುಕೊಂಡು ಹೋಗುತ್ತದೆ. ಅಂಚು ಕೆಳಕ್ಕೆ ಬಾಗುತ್ತದೆ, ಅದರ ಹಿಂದಿನ ಭಾಗ ಉಬ್ಬುತ್ತದೆ. ನೂರಾರು ವರ್ಷ ಇದೇ ನಡೆಯುತ್ತದೆ. ಕಚ್ಚಿದ್ದು ಬಿಟ್ಟ ಕ್ಷಣ ಅಂಚು ಪಶ್ಚಿಮಕ್ಕೆ ಚಿಮ್ಮಿ ಮೇಲೆ ಬರುತ್ತದೆ, ಉಬ್ಬಿದ್ದ ಭಾಗ ಕುಸಿಯುತ್ತದೆ. ಅಂಡಮಾನ್‌ನ ವಾಯವ್ಯ ಅಂಚಿನ ದ್ವೀಪಗಳು ಎದ್ದವು, ಪೂರ್ವ ಮತ್ತು ದಕ್ಷಿಣದವು ಇಳಿದವು. ಮೇಲೆ ಎದ್ದದ್ದಕ್ಕೂ ಕೆಳಗೆ ಬಿದ್ದದ್ದಕ್ಕೂ ನಡುವಿನ ಗಡಿಯನ್ನು ಉಪಗ್ರಹದ ಚಿತ್ರಗಳಲ್ಲೇ ಗುರುತು ಹಾಕಿದರು. ಮುಂಚಿನ ಚಿತ್ರದಲ್ಲಿ ನೀರೊಳಗಿದ್ದ ಹವಳ ಈಗ ಹೊರಗಿದೆಯಾ, ಹೊರಗಿದ್ದದ್ದು ಒಳಗೆ ಹೋಗಿದೆಯಾ ಅಂತ ಜೋಡಿ ಜೋಡಿ ಚಿತ್ರ ಇಟ್ಟು ನೋಡಿದರು. ಇಲ್ಲೂ ಮುಂಚಿನ ಚಿತ್ರವೇ ಜೀವಾಳ.

ನಿಮ್ಮ ಪಾಚಿ ಗೆರೆಯ ಹಾಗೆ ಹವಳವೂ ಒಂದು ಅಳತೆಗೋಲು. ಒಂದು ಜಾತಿಯ ಹವಳ ತೀರಾ ಇಳಿತದ ನೀರಿನ ಮಟ್ಟದ ತನಕ ಮಾತ್ರ ಬೆಳೆಯುತ್ತದೆ, ಆಮೇಲೆ ಅಕ್ಕಪಕ್ಕಕ್ಕೆ ಹರಡುತ್ತದೆ. ಮೇಲ್ಮೈ ಚಪ್ಪಟೆ, ಇಡ್ಲಿ ತಟ್ಟೆ ಬೋರಲು ಹಾಕಿದ ಹಾಗೆ. ನೆಲ ಎದ್ದರೆ ಹೊರಗೆ ಬಂದ ಭಾಗ ಸಾಯುತ್ತದೆ. ಸತ್ತ ತಲೆಗೂ ಬದುಕಿರುವ ಅಂಚಿಗೂ ಇರುವ ಅಂತರ ಅಳೆದರೆ ಎಷ್ಟು ಎದ್ದಿತು ಅಂತ ಸಿಕ್ಕಿಬಿಡುತ್ತದೆ. ಭೂವಿಜ್ಞಾನಿ ಕೆರಿ ಸೀಹ್ ಅವರ ತಂಡ ಸುಮಾತ್ರಾದಲ್ಲಿ 2004ಕ್ಕೂ ಮುಂಚೆಯೇ ಇದನ್ನು ಮಾಡುತ್ತಿತ್ತು. 2005ರ ಮಾರ್ಚ್ 28ರ ಭೂಕಂಪದಲ್ಲಿ ನಿಯಾಸ್ ದ್ವೀಪದ ತೀರ ಸುಮಾರು ಮೂರು ಮೀಟರ್ ಎದ್ದದ್ದು ಹೀಗೇ ಗೊತ್ತಾದದ್ದು.

ಬಯಲುಸೀಮೆ_ಹುಡುಗ:
ಇದು ಚೆನ್ನಾಗಿ ಅರ್ಥ ಆಯಿತು. ಆದರೆ ಜಿಪಿಎಸ್ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದಲ್ಲಿ ಬೇಲಿಗಳು ತುಂಡಾಗಿ ಸರಿದ ಫೋಟೋ ನೋಡಿದ್ದೇನೆ.

ಬಾಂದುಕಲ್ಲು:
ಅಬ್ಬಾ, ನನಗೆ ಬಹಳ ಇಷ್ಟದ ಜಾಗಕ್ಕೆ ಬಂದಿರಿ.

ತ್ರಿಕೋನ ಸರ್ವೆ ಸ್ವಾಮಿ. ಗುಡ್ಡದಿಂದ ಗುಡ್ಡಕ್ಕೆ ಥಿಯೋಡಲೈಟ್ ಇಟ್ಟು ಕೋನ ಅಳೆಯುವುದು. ಕ್ಯಾಲಿಫೋರ್ನಿಯಾದಲ್ಲಿ 1906ಕ್ಕೆ ಮುಂಚೆ ಅಳೆದ ಗುಡ್ಡಗಳನ್ನು ಭೂಕಂಪದ ನಂತರ ಮತ್ತೆ ಅಳೆದರು. ಬಿರುಕಿನ ಹತ್ತಿರದ ಗುಡ್ಡ ಜಾಸ್ತಿ ಸರಿದಿತ್ತು, ದೂರದ್ದು ಕಡಿಮೆ. ಅದನ್ನು ನೋಡಿಯೇ ಅಮೆರಿಕದ ವಿಜ್ಞಾನಿ ಎಚ್.ಎಫ್. ರೀಡ್ 1910ರಲ್ಲಿ ಹೇಳಿದ್ದು, ಬಂಡೆ ಬಿಲ್ಲಿನ ಹಾಗೆ ಬಾಗಿ ಬಾಗಿ ಕೊನೆಗೆ ಚಿಮ್ಮುತ್ತದೆ ಅಂತ. ಕಲ್ಲುಮಣ್ಣು ಅವರು ಮೇಲೆ ಬರೆದದ್ದರ ಬೇರು ಅಲ್ಲಿದೆ. ನಮ್ಮಂಥ ಸರ್ವೆಯವರ ಪುಸ್ತಕದಿಂದ ಬಂದ ಜ್ಞಾನ ಅದು. ಇದನ್ನು ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆ ಆಗುತ್ತದೆ.

ನಮ್ಮಲ್ಲೂ ಇದೆ. ಬ್ರಿಟಿಷ್ ಸೈನ್ಯಾಧಿಕಾರಿ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲೇ ಸರಪಳಿ ಎಳೆದು ಬೇಸ್‌ಲೈನ್ (ತ್ರಿಕೋನಗಳಿಗೆ ಆಧಾರವಾಗುವ ಗೆರೆ) ಅಳೆದಿದ್ದ. ಆಮೇಲೆ ಬಂದ ಮಹಾ ತ್ರಿಕೋನ ಸರ್ವೆಯ ಗುರುತುಗಳು ದೇಶದ ತುಂಬಾ ಇವೆ. 1990ರ ದಶಕದಲ್ಲಿ ಭೂವಿಜ್ಞಾನಿ ವಿನೋದ್ ಗೌರ್ ಅವರಿದ್ದ ತಂಡ ದಕ್ಷಿಣ ಭಾರತದ ಅಂಥ ಹಳೆ ಗುರುತುಗಳ ಮೇಲೆ ಜಿಪಿಎಸ್ ಇಟ್ಟು, 1864ರಿಂದ 1994ರವರೆಗೆ ನಮ್ಮ ಪರ್ಯಾಯ ದ್ವೀಪ ಹಿಗ್ಗಿದೆಯಾ ಕುಗ್ಗಿದೆಯಾ ಅಂತ ನೋಡಿತು. ಅಳತೆಗೆ ಸಿಗುವಷ್ಟು ಏನೂ ಇರಲಿಲ್ಲ. ಒಂದಕ್ಕೊಂದು ಹೋಲಿಸಿದರೆ 130 ವರ್ಷ ಕಲ್ಲು ಕಲ್ಲಿನ ಜಾಗದಲ್ಲೇ ಇತ್ತು. 1897ರ ಶಿಲ್ಲಾಂಗ್ ಕಡೆಯ ಭೂಕಂಪದಲ್ಲಿ ಹಾಗಲ್ಲ, ಅಲ್ಲಿನ ಗುಡ್ಡಗಳ ಹಳೆ ಕೋನಗಳನ್ನು ನೂರು ವರ್ಷದ ಮೇಲೆ ಮತ್ತೆ ಲೆಕ್ಕ ಹಾಕಿದಾಗ ಪ್ರಸ್ಥಭೂಮಿಯ ಉತ್ತರದ ಅಂಚೇ ಮೇಲೆದ್ದಿತ್ತು ಅಂತ ತಿಳಿಯಿತು.

ಹಳ್ಳಿಗಳಲ್ಲಿ ಇಂಥ ಗುರುತಿನ ಕಲ್ಲು ಕಿತ್ತು ದನ ಕಟ್ಟುವುದಕ್ಕೆ ನೆಟ್ಟಿರುವುದನ್ನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಯಾರೂ ಕೀಳಬೇಡಿ.

ಸೆಂಡೈ_ಕನ್ನಡತಿ:
ನಮಸ್ಕಾರ. ಜಪಾನಿನ ಸೆಂಡೈನಲ್ಲಿ ಹದಿನೇಳು ವರ್ಷದಿಂದ ಇದ್ದೇನೆ, ಮೂಲ ತೀರ್ಥಹಳ್ಳಿ. 2011ರ ಮಾರ್ಚ್ 11ರಂದು ದೊಡ್ಡ ಭೂಕಂಪ, ಸುನಾಮಿ ಆದಾಗ ಇಲ್ಲೇ ಇದ್ದೆ. ಅವತ್ತಿನ ಬಗ್ಗೆ ಬರೆಯುವುದಿಲ್ಲ, ಆಗುವುದಿಲ್ಲ. ನಂತರದ ಬಗ್ಗೆ ಹೇಳುತ್ತೇನೆ, ಇಲ್ಲಿ ಯಾರೂ ಇನ್ನೂ ಹೇಳಿಲ್ಲ.

ನಮಗೆ ಹತ್ತಿರದ ಓಶಿಕಾ ಪರ್ಯಾಯ ದ್ವೀಪದ ಕೇಂದ್ರ ಅವತ್ತು ಸಮುದ್ರದ ಕಡೆಗೆ 5.3 ಮೀಟರ್ ಸರಿಯಿತು, 1.2 ಮೀಟರ್ ಕುಸಿಯಿತು. ಇಡೀ ದೇಶದಲ್ಲಿ 1,200ಕ್ಕೂ ಹೆಚ್ಚು ಕೇಂದ್ರಗಳಿದ್ದವು, ಹಾಗಾಗಿ ಬೆಟ್ಟದಿಂದ ಬೆಟ್ಟಕ್ಕೆ ಲೆಕ್ಕ ಸಿಕ್ಕಿತು. ಸಮುದ್ರದ ತಳದಲ್ಲೂ ಅಳೆದಿದ್ದಾರೆ. ನೀರೊಳಗೆ ಜಿಪಿಎಸ್ ಹೋಗುವುದಿಲ್ಲ, ಹಾಗಾಗಿ ತಳದಲ್ಲಿ ಶಬ್ದಕ್ಕೆ ಉತ್ತರ ಕೊಡುವ ಯಂತ್ರ ಇಟ್ಟು, ಮೇಲೆ ಹಡಗಿನಿಂದ ಶಬ್ದ ಕಳಿಸಿ, ಹಡಗಿನ ಜಾಗವನ್ನು ಜಿಪಿಎಸ್‌ನಿಂದ ತಿಳಿಯುತ್ತಾರೆ. ಕರಾವಳಿ ಕಾವಲು ಪಡೆಯವರು ಭೂಕಂಪಕ್ಕೆ ಮುಂಚೆ ಇಟ್ಟಿದ್ದ ಒಂದು ಜಾಗ 24 ಮೀಟರ್ ಸರಿದಿತ್ತು! ಓದಿದಾಗ ಟೈಪಿಂಗ್ ತಪ್ಪು ಅಂದುಕೊಂಡೆ.

ನಂತರದ ಕಥೆ ಇಷ್ಟು. ಇಶಿನೋಮಾಕಿ ಕಡೆ ಮೀನಿನ ಧಕ್ಕೆಗಳು (ದೋಣಿ ನಿಲ್ಲುವ ಕಟ್ಟೆಗಳು) ಕುಸಿದು, ಭರತ ಬಂದಾಗ ರಸ್ತೆಗೇ ನೀರು ಬರುತ್ತಿತ್ತು. ಕಾಂಕ್ರೀಟ್ ಹಾಕಿ ಧಕ್ಕೆ ಎತ್ತರಿಸಿದರು. ಆದರೆ ನೆಲ ನಿಧಾನವಾಗಿ ವಾಪಸ್ ಏಳುತ್ತಿತ್ತು. ಕೆಲವು ವರ್ಷದಲ್ಲಿ ಎತ್ತರಿಸಿದ ಧಕ್ಕೆ ಸಣ್ಣ ದೋಣಿಗಳಿಗೆ ಅತಿ ಎತ್ತರ ಆಯಿತು, ಮೀನಿನ ಬುಟ್ಟಿ ಮೇಲೆತ್ತಿ ಕೊಡುವುದೇ ಕಷ್ಟ. ಕೆಲವು ಕಡೆ ಹಾಕಿದ ಕಾಂಕ್ರೀಟನ್ನೇ ಮತ್ತೆ ಕತ್ತರಿಸಿ ತಗ್ಗಿಸಿದರು. ಎಷ್ಟು ಏಳುತ್ತೆ, ಯಾವಾಗ ನಿಲ್ಲುತ್ತೆ ಅನ್ನುವುದು ಇಲ್ಲಿ ಮೀನುಗಾರರ ಊಟದ ಪ್ರಶ್ನೆ.

ಬಾಂದುಕಲ್ಲು ಅವರಿಗೆ ಇಷ್ಟವಾಗಬಹುದಾದ್ದು ಒಂದು. ಟೋಕಿಯೋದಲ್ಲಿ ಇಡೀ ದೇಶದ ಸರ್ವೆಗೆ ಮೂಲವಾದ ಗುರುತು ಇದೆ. ಅದೇ 27 ಸೆಂಟಿಮೀಟರ್‌ಗೂ ಹೆಚ್ಚು ಪೂರ್ವಕ್ಕೆ ಹೋಗಿತ್ತು. ಕಾನೂನಿನಲ್ಲಿ ಬರೆದಿದ್ದ ಅದರ ಅಂಕಿಯನ್ನೇ ತಿದ್ದಬೇಕಾಯಿತು.

ಬಾಂದುಕಲ್ಲು:
ಅಕ್ಕ, ಇದನ್ನು ನಾಳೆಯೇ ನಮ್ಮ ಹುಡುಗನಿಗೆ ಹೇಳುತ್ತೇನೆ. ದೇಶದ ಮೂಲ ಕಲ್ಲೇ ಅಲ್ಲಾಡಿದರೆ ಏನು ಮಾಡಬೇಕು ಅನ್ನುವುದಕ್ಕೆ ಉತ್ತರ ಸಿಕ್ಕಿತು. ಮತ್ತೆ ಅಳೆದು, ಬರೆದದ್ದನ್ನು ತಿದ್ದಬೇಕು.

ಕುಮಟಾ_ಕಡಲು:
ಹಾಗಾದರೆ ಪೋರ್ಟ್ ಬ್ಲೇರ್ ಕೂಡ ವಾಪಸ್ ಎದ್ದಿರಬೇಕಲ್ವಾ? ನಾನು 2007ರಲ್ಲಿ ಬಂದುಬಿಟ್ಟೆ.

ಕಲ್ಲುಮಣ್ಣು:
ಹೌದು ಸರ್, ಭೂಕಂಪದ ನಂತರದ ವರ್ಷಗಳಲ್ಲಿ ಪೋರ್ಟ್ ಬ್ಲೇರ್ ಮೆಲ್ಲಗೆ ಏಳುತ್ತಾ, ಇನ್ನೂ ಪಶ್ಚಿಮದ ಕಡೆಗೆ ಜಾರುತ್ತಾ ಇತ್ತು. ಮೊದಮೊದಲು ಬೇಗ, ಆಮೇಲೆ ನಿಧಾನ. ಆದರೆ ಕುಸಿದ ಒಂದು ಮೀಟರ್ ಪೂರ್ತಿ ಒಂದೆರಡು ವರ್ಷದಲ್ಲಿ ಬರುವಂಥದ್ದಲ್ಲ.

ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಬಿರುಕಿನಲ್ಲಿ ಒಮ್ಮೆಲೇ ಜಾರಿದ ಭಾಗದ ಅಕ್ಕಪಕ್ಕ, ಅದಕ್ಕಿಂತ ಆಳದಲ್ಲಿ, ಇನ್ನೂ ಜಾರದೆ ಉಳಿದ ಜಾಗ ಇರುತ್ತದೆ. ಅದು ಸದ್ದಿಲ್ಲದೆ ತಿಂಗಳುಗಟ್ಟಲೆ ಜಾರುತ್ತದೆ. ಎರಡು, ಇನ್ನೂ ಕೆಳಗಿನ ಬಿಸಿ ಬಂಡೆ. ಹೋಳಿಗೆಗೆ ನೆನೆಸಿಟ್ಟ ಕಣಕ ನೋಡಿದ್ದೀರಲ್ಲ. ಪಟ್ಟನೆ ಹೊಡೆದರೆ ಗಟ್ಟಿ, ಮೆಲ್ಲಗೆ ಎಳೆದರೆ ಹಿಗ್ಗುತ್ತದೆ. ಆಳದ ಬಂಡೆಯೂ ಹಾಗೆ. ಭೂಕಂಪದ ಏಟಿಗೆ ಗಟ್ಟಿಯಾಗಿ ನಿಲ್ಲುತ್ತದೆ, ಆಮೇಲೆ ದಶಕಗಳ ಕಾಲ ಹರಿದು ಹರಿದು ಒತ್ತಡ ಇಳಿಸಿಕೊಳ್ಳುತ್ತದೆ. ಬಂಡೆಯ ಸಂದಿಯ ನೀರು ಜಾಗ ಬದಲಿಸುವುದರಿಂದಲೂ ಸ್ವಲ್ಪ ಚಲನೆ ಆಗುತ್ತದೆ, ಅದು ಬಿರುಕಿನ ಹತ್ತಿರ ಮಾತ್ರ.

ಥಾಯ್ಲೆಂಡಿನ ಫುಕೆಟ್ ಒಂದು ಒಳ್ಳೆಯ ಉದಾಹರಣೆ. ಅವತ್ತು 27 ಸೆಂ.ಮೀ. ಸರಿದದ್ದು, ಆಮೇಲಿನ ವರ್ಷಗಳಲ್ಲಿ ಸದ್ದೇ ಇಲ್ಲದೆ ಅಷ್ಟೇ ದೊಡ್ಡ ಪ್ರಮಾಣದಲ್ಲಿ ಮತ್ತೆ ಸರಿಯಿತು. ಅಲ್ಲಿ ನೆಲ ಇಳಿಯುತ್ತಲೂ ಇತ್ತು. ಈ ನಿಧಾನದ ಚಲನೆಯಿಂದಲೇ ಆಳದ ಬಂಡೆ ಎಷ್ಟು ಮೆತ್ತಗಿದೆ ಅಂತ ಲೆಕ್ಕ ಹಾಕುತ್ತಾರೆ. ಅಷ್ಟು ಆಳಕ್ಕೆ ಯಾರೂ ಕೊಳವೆ ಕೊರೆದು ನೋಡೋಕೆ ಆಗಲ್ಲ.

ಒಂದು ಬೇಸರದ ವಿಷಯವೂ ಇದೆ. ಅಂಡಮಾನ್-ನಿಕೋಬಾರ್‌ನ ಹೆಚ್ಚಿನ ಪಾಯಿಂಟುಗಳನ್ನು ಭೂಕಂಪ ಆಗಿ ಕೆಲವು ವಾರಗಳ ಮೇಲೆ ಮರು ಅಳತೆ ಮಾಡಿದ್ದು. ಹಾಗಾಗಿ ಆ ಅಂಕಿಗಳಲ್ಲಿ ಅವತ್ತು ಸರಿದದ್ದು ಎಷ್ಟು, ನಂತರ ಜಾರಿದ್ದು ಎಷ್ಟು ಅಂತ ಬಿಡಿಸುವುದು ಕಷ್ಟ. ದಿನಾ ಓಡುವ ಕೇಂದ್ರಗಳು ಆಗ ಅಲ್ಲಿ ಇದ್ದಿದ್ದರೆ ಎಷ್ಟು ತಿಳಿಯುತ್ತಿತ್ತು! ಈಗ ಸುನಾಮಿ ಎಚ್ಚರಿಕೆಗಾಗಿ ಹೈದರಾಬಾದಿನ ಇಂಕಾಯ್ಸ್ (ಸಮುದ್ರದ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ) ಆ ದ್ವೀಪಗಳಲ್ಲಿ ಕೇಂದ್ರಗಳನ್ನು ಹಾಕಿದೆ.

ಚಿತ್ರದುರ್ಗ_ಕೋಟೆ:
ಕಾಮನಬಿಲ್ಲಿನ ಬಣ್ಣದ ಪಟ್ಟೆಗಳಿರುವ ಉಪಗ್ರಹ ಚಿತ್ರ ಬರುತ್ತಲ್ಲ, ಅದು ಏನು?

ಕಲ್ಲುಮಣ್ಣು:
ಅದು ರೇಡಾರ್. ಒಂದೇ ಜಾಗದ ಮೇಲೆ ಉಪಗ್ರಹ ಭೂಕಂಪಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಅಲೆ ಕಳಿಸಿ, ವಾಪಸ್ ಬಂದ ಅಲೆಗಳನ್ನು ಒಂದರ ಮೇಲೊಂದು ಇಟ್ಟು ವ್ಯತ್ಯಾಸ ನೋಡುತ್ತಾರೆ. ನೇಪಾಳದಲ್ಲಿ 2015ರ ಏಪ್ರಿಲ್ 25ರ ಭೂಕಂಪಕ್ಕೆ ಏಪ್ರಿಲ್ 17ರ ಮತ್ತು 29ರ ಯುರೋಪಿನ ಸೆಂಟಿನೆಲ್ ಉಪಗ್ರಹದ ಚಿತ್ರಗಳನ್ನು ಜೋಡಿಸಿದರು. ಅದರಲ್ಲಿ ಒಂದು ಪೂರ್ತಿ ಬಣ್ಣದ ಸುತ್ತು ಅಂದರೆ ನೆಲ ಉಪಗ್ರಹದ ಕಡೆಗೆ ಅಥವಾ ದೂರಕ್ಕೆ 2.8 ಸೆಂ.ಮೀ. ಹೋಗಿದೆ ಅಂತ. ಸುತ್ತುಗಳನ್ನು ಎಣಿಸುತ್ತಾ ಹೋದರೆ ಬೆಟ್ಟದ ನಕ್ಷೆಯ ಹಾಗೆ ಬರುತ್ತದೆ. ಕಠ್ಮಂಡು ಸುತ್ತಮುತ್ತ ಸುಮಾರು ಒಂದು ಮೀಟರ್ ಎದ್ದಿತ್ತು, ಉತ್ತರದ ಎತ್ತರದ ಹಿಮಾಲಯ ಕುಸಿದಿತ್ತು. ಕಂಪನ ಹುಟ್ಟಿದ ಜಾಗದಿಂದ ಸೀಳು ಪೂರ್ವಕ್ಕೆ ಓಡಿದ್ದು ಆ ಚಿತ್ರದಲ್ಲೇ ಕಾಣುತ್ತದೆ.

ಇದಕ್ಕೆ ಕೆಳಗೆ ಯಾರೂ ಕಂಬ ನೆಡಬೇಕಿಲ್ಲ, ಅದೇ ದೊಡ್ಡ ಲಾಭ. ಆದರೆ ಉಪಗ್ರಹ ಉತ್ತರ-ದಕ್ಷಿಣ ಓಡುವುದರಿಂದ ಉತ್ತರ-ದಕ್ಷಿಣದ ಚಲನೆ ಸರಿಯಾಗಿ ಕಾಣುವುದಿಲ್ಲ. ಕಠ್ಮಂಡು ದಕ್ಷಿಣಕ್ಕೆ ಒಂದೂವರೆ ಮೀಟರ್‌ಗೂ ಮಿಕ್ಕಿ ಸರಿದದ್ದನ್ನು ಜಿಪಿಎಸ್‌ನಿಂದಲೇ ನೋಡಬೇಕು. ಅಂಡಮಾನ್‌ನಂಥ ದಟ್ಟ ಕಾಡಿನಲ್ಲಿ ಎಲೆ ಅಲ್ಲಾಡಿದರೂ ಸಣ್ಣ ಅಲೆಯ ಲೆಕ್ಕ ಕೆಡುತ್ತದೆ. ಉದ್ದದ ಅಲೆ ಬೇಕು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹದಲ್ಲಿ ಸುಮಾರು 24 ಸೆಂ.ಮೀ. ಅಲೆಯ ರೇಡಾರ್ ಇದೆ, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ಅಮೆರಿಕದಿಂದ ಬಂದ ರೇಡಾರನ್ನು ಉಪಗ್ರಹಕ್ಕೆ ಜೋಡಿಸಿದ್ದು ನಮ್ಮ ಬೆಂಗಳೂರಿನಲ್ಲಿ.

ಚಿತ್ರದುರ್ಗ_ಕೋಟೆ:
ಇಷ್ಟೆಲ್ಲಾ ಅಳೆದ ಮೇಲೆ ಮುಂದಿನದು ಯಾವಾಗ ಅಂತ ಹೇಳಬಹುದಲ್ವಾ?

ಕಲ್ಲುಮಣ್ಣು:
ದಿನ ಹೇಳೋಕೆ ಆಗಲ್ಲ. ಯಾರಾದರೂ ಹೇಳಿದರೆ ನಂಬಬೇಡಿ. ಎಲ್ಲಿ ಕಚ್ಚಿಕೊಂಡಿದೆ, ವರ್ಷಕ್ಕೆ ಎಷ್ಟು ಸೇರುತ್ತಿದೆ ಅಂತ ಹೇಳಬಹುದು. ನೇಪಾಳದ ಉದ್ದಕ್ಕೂ ವರ್ಷಕ್ಕೆ ಸುಮಾರು 2 ಸೆಂ.ಮೀ. ಸೇರುತ್ತದೆ. ಪಶ್ಚಿಮ ನೇಪಾಳದಲ್ಲಿ 1505ರ ನಂತರ ಅಷ್ಟು ದೊಡ್ಡದು ಆಗಿಲ್ಲ. ಐನೂರು ವರ್ಷ, ವರ್ಷಕ್ಕೆ ಎರಡು ಸೆಂಟಿಮೀಟರ್, ಗುಣಿಸಿ ನೋಡಿ. ಅಲ್ಲಿ ಶಾಲೆ, ಆಸ್ಪತ್ರೆ ಗಟ್ಟಿಯಾಗಿ ಕಟ್ಟಲು ಇಷ್ಟು ತಿಳಿದರೆ ಸಾಕು.

ಬಯಲುಸೀಮೆ_ಹುಡುಗ:
ಬಾಂದುಕಲ್ಲು ಸರ್, ನಿನ್ನೆ ರಾತ್ರಿ ಕೂತು ನಾನೇ ನೋಡಿದೆ. ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದವರು ಪ್ರಪಂಚದ ಸಾವಿರಾರು ಕೇಂದ್ರಗಳ ದಿನದಿನದ ಲೆಕ್ಕ ಉಚಿತವಾಗಿ ಹಾಕಿದ್ದಾರೆ. ಬೆಂಗಳೂರಿನದನ್ನು ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಹಾಕಿದೆ. ಮೊದಲು ಏನೂ ಕಾಣಲಿಲ್ಲ, ಸುಮ್ನೆ ಮೇಲಕ್ಕೆ ಹೋಗುವ ಓರೆ ಗೆರೆ. ನೀವು ಹೇಳಿದ್ದು ನೆನಪಾಗಿ, ವರ್ಷದ ಓಟವನ್ನು ಕಳೆದು ಮತ್ತೆ ಗೆರೆ ಹಾಕಿದೆ. ಪೂರ್ವದ ಅಂಕಣದಲ್ಲಿ ಚುಕ್ಕೆಗಳು ಸಾಲಾಗಿ ಬರುತ್ತಾ ಬರುತ್ತಾ 2004ರ ಕೊನೆಯಲ್ಲಿ ಪಟ್ಟನೆ ಮೇಲಕ್ಕೆ ಹಾರಿವೆ. ಅಲ್ಲಿಂದ ಮುಂದೆ ಆ ಎತ್ತರದಲ್ಲೇ ಸಾಗಿವೆ. ದಿನಾಂಕದ ಮೇಲೆ ಬೆರಳಿಟ್ಟು ನೋಡಿದೆ. ಅದೇ ದಿನ.

ನಾನು ಆಗ ಏಳನೇ ಕ್ಲಾಸ್. ಬೆಂಗಳೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಕ್ರಿಸ್ಮಸ್ ರಜಕ್ಕೆ ಬಂದು ಮಲಗಿದ್ದೆ.

ಎತ್ತರದ ಅಂಕಣ ಮಾತ್ರ ಚೆಲ್ಲಾಪಿಲ್ಲಿ, ಏನೂ ಗೊತ್ತಾಗಲಿಲ್ಲ.

ಬಾಂದುಕಲ್ಲು:
ಎತ್ತರದ್ದು ಹಾಗೇ ಇರುತ್ತದೆ, ಚಿಂತೆ ಬೇಡ. ಆ ಪೂರ್ವದ ಚಿತ್ರ ಇಲ್ಲಿ ಹಾಕಿ. ಸೋಮವಾರ ಮತ್ತೆ ಹಿರಿಯೂರಿಗೆ ಹೋಗುತ್ತಿದ್ದೇನೆ, ಪ್ರಿಂಟ್ ತೆಗೆದುಕೊಂಡು ಹೋಗಿ ನಮ್ಮ ಹುಡುಗನಿಗೆ ತೋರಿಸುತ್ತೇನೆ.